ಡಬ್ಬದಲ್ಲಿ ಇಂಧನವಿಲ್ಲ

ವ್ಯೋಮಯಾತ್ರಿಗಳ ವೈದ್ಯೆ ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಅಸಲಿಗೆ ನಾನು ಅವರ ಮನೆಮಂದಿಯ ಡಾಕ್ಟರು. ಹಾರುವವನ ಹೆಂಡತಿಗೆ ನೆಗಡಿಯಾದರೆ ಅದು ನನ್ನ ತಲೆನೋವು, ಏಕೆಂದರೆ ನಾಳೆ ಅದೇ ನೆಗಡಿ ನಾನೂರು ಕಿಲೋಮೀಟರ್ ಮೇಲೆ ಹೋಗಿ ಕೂರುತ್ತದೆ. ಹಾಗಾಗಿ ‘ಟಿಟ್ಟಿಭ’ ನೌಕೆ ಹಾರುವ ಹಿಂದಿನ ವಾರ ನಾನು ಜಾಲಹಳ್ಳಿಯಲ್ಲಿ, ಗ್ರೂಪ್ ಕ್ಯಾಪ್ಟನ್ ಗುರುಸಿದ್ಧ ಹಂಚಿನಾಳರ ಮನೆಯ ಸೋಫಾದ ಮೇಲೆ ಕೂತು ಅವರ ಹೆಂಡತಿಯ ಗಂಟಲು ನೋಡುತ್ತಿದ್ದೆ.

ಜಗದೇವಿ ಶಾಲೆಯೊಂದರಲ್ಲಿ ಆಟದ ಟೀಚರು. ಮುಧೋಳದ ಕಡೆಯವಳು. ಮೈದಾನದಲ್ಲಿ ಕೂಗಿ ಕೂಗಿ ಗಂಟಲು ಸದಾ ಕೆಂಪು. ನಾನು ಟಾರ್ಚು ತೆಗೆದದ್ದೇ ತಡ ಅವಳು ಕೇಳಿದಳು:

“ಡಾಕ್ಟ್ರ, ಇವ್ರು ಮ್ಯಾಲೆ ಏನ್ ಒಯ್ಯಾಕತ್ತಾರ ಅಂತ ನಿಮಗರ ಗೊತ್ತೈತೇನ್ರಿ?”

“ಡಬ್ಬ,” ಎಂದೆ.

“ಇವ್ರೂ ಅದನ್ನ ಅಂತಾರ. ಡಬ್ಬ್ಯಾಗ ಏನೈತಿ ಅಂದ್ರ ನಗತಾರ.”

ಗುರುಸಿದ್ಧ ಒಳಗಿನಿಂದ ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಬಂದರು. ಎತ್ತರದ ಆಳು, ಬಾಗಿಲಲ್ಲಿ ಸ್ವಲ್ಪ ಬಗ್ಗುವ ಅಭ್ಯಾಸ. “ನನಗ ಗೊತ್ತಿದ್ರ ಹೇಳ್ತಿದ್ದಿಲ್ಲೇನ ನಿನಗ? ಲಗ್ನದಾಗ ಮಾವನವರು ಕೊಟ್ಟ ಟ್ರಂಕಿನ ಹಂಗ ಅದು. ಹೊರಾಕ ನಾವು, ತಗಿಯಾಕ ಅವರು,” ಎಂದರು. ಜಗದೇವಿ ನಕ್ಕಳು. ನಾನೂ ನಕ್ಕೆ. ಆ ಮನೆಯಲ್ಲಿ ನಗು ಅಗ್ಗವಾಗಿ ಸಿಗುತ್ತಿತ್ತು.

ಡಬ್ಬದ ಬಗ್ಗೆ ಎಷ್ಟು ಬೇಕೋ ಅಷ್ಟು ಹೇಳಿಬಿಡುತ್ತೇನೆ. ಪತ್ರಿಕೆಗಳಿಗೆ ಅದು ಬೆಳೆ ಸಮೀಕ್ಷೆಯ ಉಪಗ್ರಹ. ನಮ್ಮ ಕಂಟ್ರೋಲ್ ರೂಮಿಗೆ ಅದು ಸೇನೆಯ ಕಣ್ಣು. ಮೇಲೆ ನಿಂತು ಕೆಳಗೆ ನೋಡುತ್ತದೆ, ಅಷ್ಟೆ. ಅಂಥವುಗಳ ಉದ್ದನೆಯ ತೋಳುಗಳನ್ನು ಯಂತ್ರದಿಂದ ಬಿಡಿಸಲು ಹಿಂದೆ ಮಾಡಿದ ಪ್ರಯತ್ನಗಳು ಕೈಕೊಟ್ಟಿದ್ದವು. ಆದ್ದರಿಂದ ಈ ಸಲ ಮನುಷ್ಯರೇ ಒಯ್ದು, ಕೈಯಾರೆ ಬಿಡಿಸಿ, ತಳ್ಳಿ ಬರಬೇಕು ಎಂದು ತೀರ್ಮಾನವಾಯಿತು. ಇಬ್ಬರು ಯಾತ್ರಿಗಳು: ಹೊರಗೆ ಹೋಗಿ ಡಬ್ಬ ಬಿಡಿಸಲು ಗುರುಸಿದ್ಧ, ನೌಕೆ ನಡೆಸಲು ಸ್ಕ್ವಾಡ್ರನ್ ಲೀಡರ್ ಮಾಲಿನಿ ಹರಿಕಂತ್ರ. ಮಾಲಿನಿ ಕಾರವಾರದ ಹುಡುಗಿ, ಮೀನುಗಾರರ ಮನೆಯವಳು, ಮಾತು ಕಡಿಮೆ.

ನೋಡುವುದೊಂದೇ ಕೆಲಸವಾದ ಕಣ್ಣಿಗೆ ಇಂಧನ ಬೇಡ. ಎಲ್ಲಿ ಇಟ್ಟರೆ ಅಲ್ಲಿರುತ್ತದೆ. ಇಂಧನ ತುಂಬಿದ್ದರೆ ಅದು ನಡೆದಾಡುವ ಉಪಗ್ರಹ. ನಡೆದು ಬೇರೆಯವರ ಉಪಗ್ರಹದ ಪಕ್ಕಕ್ಕೆ ಹೋಗಬಹುದು, ಹೋಗಿ ಮೆಲ್ಲನೆ ಒಂದು ಏಟು ಕೊಡಬಹುದು. ಹಾಗಾಗಿ ಸುರಕ್ಷತೆಯ ಸಭೆಯಲ್ಲಿ ನಾವು ಕೇಳಿದ ಮೊದಲ ಪ್ರಶ್ನೆಯೇ ಅದು. ಪರದೆ ಕೋಣೆಯವರು ಎದ್ದು ನಿಂತು, “ಡಬ್ಬದಲ್ಲಿ ಇಂಧನವಿಲ್ಲ” ಎಂದರು. ಇಂಧನವಿರುವ ಸಾಮಾನು ಮುಟ್ಟಿ ಬಂದವನು ಒಳಗೆ ಬರುವ ಮೊದಲು ಅರ್ಧ ಗಂಟೆ ಬಿಸಿಲಿಗೆ ನಿಲ್ಲಬೇಕು ಎಂಬುದು ನಮ್ಮ ಹಳೆಯ ನಿಯಮ. ಅಲ್ಲಿಯ ಬಿಸಿಲಿಗೆ ಉಡುಪಿನ ಮೇಲೆ ಹೆಪ್ಪುಗಟ್ಟಿದ್ದು ಯಾವುದಿದ್ದರೂ ಹಾರಿಹೋಗುತ್ತದೆ. ಇಂಧನವಿಲ್ಲ ಎಂದ ಮೇಲೆ ಆ ನಿಯಮ ಯಾತಕ್ಕೆ? ತೆಗೆದುಹಾಕಿದರು.

ಪರದೆ ಕೋಣೆ ಎಂದರೆ ನಮ್ಮ ಕಂಟ್ರೋಲ್ ರೂಮಿನ ಹಿಂದೆ, ಗಾಜಿನ ಗೋಡೆಯಾಚೆ, ನೀಲಿ ಪರದೆ ಎಳೆದುಕೊಂಡು ಕೂತವರ ಕೋಣೆ. ಡಬ್ಬದ ಅಂಕಿಸಂಖ್ಯೆಗಳೆಲ್ಲ ನೇರ ಅಲ್ಲಿಗೆ ಹೋಗುತ್ತಿದ್ದವು. ಅವರ ಮುಖ್ಯಸ್ಥ ಸುಬ್ಬನರಸಿಂಹ, ಮೈಸೂರಿನವರು, ಬೆಣ್ಣೆಯಂಥ ಮಾತು. ಹಾರುವ ಮುನ್ನ ನಮಗೆ ಪಾಠ ಹೇಳಿದ್ದರು: ನೌಕೆ ನಿಮ್ಮದು, ಡಬ್ಬ ನಮ್ಮದು, ಯಾತ್ರಿಗಳ ದೇಹ ಡಾಕ್ಟರ್ ಸರ್ವಮಂಗಳಾ ಅವರದು. ಡಬ್ಬವೂ ದೇಹವೂ ಒಂದಕ್ಕೊಂದು ತಾಗಿದರೆ ಅದು ಯಾರದು ಎಂದು ನಾನು ಕೇಳಿದ್ದೆ. ಅವರು ಮುಗುಳ್ನಕ್ಕು ಕಾಫಿ ತರಿಸಿದರು.

ಇನ್ನೊಂದು ವಿಚಿತ್ರ. ಡಬ್ಬದ ಸಂಕೇತಗಳು ಬೀಗ ಹಾಕಿದ ದಾರಿಯಲ್ಲಿ ಬರುತ್ತಿದ್ದವು. ಯಾರೂ ಕದ್ದು ಕೇಳುವಂತಿಲ್ಲ. ಮನುಷ್ಯರ ಮಾತಿಗೆ ಮಾತ್ರ ಬೀಗವಿರಲಿಲ್ಲ, ಅದಕ್ಕೆ ಬಜೆಟ್ ಸಾಲಲಿಲ್ಲವಂತೆ. ಒಳ್ಳೆಯ ಆಂಟೆನಾ ಇದ್ದವರು ಯಾವ ದೇಶದಲ್ಲಿ ಕೂತೂ ನಮ್ಮ ಮಾತು ಕೇಳಬಹುದಿತ್ತು. ಅದಕ್ಕೇ ಮೇಲಕ್ಕೆ ಮಾತಾಡುವ ಮೈಕಿನ ಕೀಲಿಯನ್ನು ಪರದೆ ಕೋಣೆ ತನ್ನ ಕೈಯಲ್ಲಿ ಇಟ್ಟುಕೊಂಡಿತ್ತು. ನಮ್ಮ ಹಾರಾಟದ ನಿರ್ದೇಶಕ ಇಕ್ಬಾಲ್ ಅಹ್ಮದ್ ಮಾತಾಡುವಾಗ ಮೇಜಿನ ಮೇಲೆ ಹಸಿರು ದೀಪ. ಪರದೆ ಕೋಣೆ ಬೇಡವೆಂದರೆ ಕೆಂಪು, ಮಾತು ಮೇಲೆ ಹೋಗದು.

ಡಬ್ಬ ಬಿಡಿಸುವ ದಿನ ಮಧ್ಯಾಹ್ನ ಎಲ್ಲ ಸರಾಗವಾಗಿ ಸಾಗಿತ್ತು. ತೋಳುಗಳು ಬಿಚ್ಚಿಕೊಂಡವು. ಕೊನೆಯ ಕೊಂಡಿ ಮಾತ್ರ ಹಟ ಹಿಡಿಯಿತು. ಗುರುಸಿದ್ಧ ಸಲಾಕೆ ಹಾಕಿ ಮೀಟಿದರು. ಕೊಂಡಿ ಕಳಚಿತು, ಡಬ್ಬ ತೇಲಿಹೋಯಿತು, ನಾವು ಚಪ್ಪಾಳೆ ತಟ್ಟಿದೆವು. ಪರದೆಯ ಹಿಂದೆಯೂ ಚಪ್ಪಾಳೆ ಕೇಳಿಸಿತು.

ಆಗ ಗುರುಸಿದ್ಧರ ದನಿ ಬಂತು. “ಇಲ್ಲೊಂದೀಟು ಬಿಳೀದು ಅಂಟೇತ್ರಿ ನನಗ. ಕೈಗವಸಿಗಿ, ಎದಿಗಿ. ಹಳ್ಳುಪ್ಪಿನ ಹಂಗ ಐತಿ. ಸಲಾಕಿ ಜಾರಿದಾಗ ಸಣ್ಣದೊಂದು ಕೊಳವಿಗಿ ತಾಗಿತ್ತು, ಅಲ್ಲಿಂದ ಹಾರಿ ಬಂತು ನೋಡ್ರಿ.”

ನಾನು ಕುರ್ಚಿಯಿಂದ ಎದ್ದೆ. ಬರೀ ನೋಡುವ ಕಣ್ಣಿಗೆ ಕೊಳವೆ ಯಾಕೆ? ಕೊಳವೆಯಲ್ಲಿ ಹೆಪ್ಪುಗಟ್ಟುವಂಥದ್ದು ಏನಿರುತ್ತದೆ? ಪರದೆ ಕೋಣೆಯ ಬಾಗಿಲು ತಟ್ಟಿದೆ. ಸುಬ್ಬನರಸಿಂಹ ಅರ್ಧ ಬಾಗಿಲು ತೆರೆದರು.

“ಅದೇನದು ಬಿಳೀದು?”

“ಬಣ್ಣದ ಚೂರು ಇರಬೇಕು ಮೇಡಂ. ಯೋಚನೆ ಮಾಡಬೇಡಿ.”

“ಬಣ್ಣವೋ ಸುಣ್ಣವೋ, ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸೋಣ. ಏನು ಗಂಟು ಹೋಗುತ್ತೆ ನಿಮ್ಮದು?”

ಅವರು ದನಿ ತಗ್ಗಿಸಿದರು. “ದಯವಿಟ್ಟು ಅರ್ಥ ಮಾಡ್ಕೊಳಿ. ಬಿಸಿಲಿಗೆ ನಿಲ್ಲು ಅಂತ ನಾವು ಒಂದು ಮಾತು ಅಂದ್ರೆ, ಕೇಳಿಸ್ಕೊಳೋರಿಗೆ ಅದರ ಅರ್ಥ ಗೊತ್ತಾಗತ್ತೆ. ಇಂಧನ ಇರೋ ಕಡೆ ಮಾತ್ರ ಆ ಮಾತು ಆಡೋದು ಅಂತ ಈ ಕಸುಬಿನಲ್ಲಿರೋ ಎಲ್ಲರಿಗೂ ಗೊತ್ತು.”

“ಹಾಗಾದ್ರೆ ಇಂಧನ ಇದೆ.”

“ನಾನು ಹಾಗೆ ಹೇಳಲಿಲ್ಲ ಮೇಡಂ.”

“ಇಲ್ಲ ಅಂತ ಹೇಳಿ.”

ಅವರು ಹೇಳಲಿಲ್ಲ. ಬೆಣ್ಣೆಯ ಮಾತಿನವರು ಬಾಯಿ ಮುಚ್ಚಿದರೆ ಕಲ್ಲಿಗಿಂತ ಗಟ್ಟಿ. ನಾನು ಓಡಿಬಂದು ಇಕ್ಬಾಲರಿಗೆ ಹೇಳಿದೆ. ಇಕ್ಬಾಲ್ ನನ್ನ ಮುಖ ನೋಡಿದವರೇ ಮೈಕು ಹಿಡಿದರು. “ಗುರುಸಿದ್ಧ, ಬಿಸಿ—” ಎನ್ನುವಷ್ಟರಲ್ಲಿ ದೀಪ ಕೆಂಪಾಯಿತು. ಅವರು ಮೇಜು ಗುದ್ದಿದರು, ಗಾಜಿಗೆ ಬಡಿದರು, ಉರ್ದುವಿನಲ್ಲಿ ಬೈದರು. ಆಮೇಲೆ ಗುರುಸಿದ್ಧರಿಗೆ ಕೇಳಿಸಿದ್ದು ಬರೀ ಗೊರಗೊರ. ಅವರ ಆಕ್ಸಿಜನ್ ಇಳಿಯುತ್ತಿತ್ತು. ಕೆಲಸ ಮುಗಿಸಿದ ಮನುಷ್ಯ ಮನೆಗೆ ಬರುವಂತೆ ಬಂದು, ಹೊರಬಾಗಿಲು ಮುಚ್ಚಿಕೊಂಡರು.

ಹೊರಬಾಗಿಲಿಗೂ ಒಳಬಾಗಿಲಿಗೂ ನಡುವೆ ಒಬ್ಬ ನಿಲ್ಲುವಷ್ಟು ಸಣ್ಣ ಕೋಣೆ ಇದೆ. ಹೊರಗಿನಿಂದ ಬಂದವರು ಅಲ್ಲಿ ಗಾಳಿ ತುಂಬಿಸಿಕೊಂಡು, ಹೆಲ್ಮೆಟ್ ತೆಗೆದು, ಆಮೇಲೆ ಒಳಬಾಗಿಲು ತೆರೆಯಬೇಕು. ನಮ್ಮ ದೀಪ ಮತ್ತೆ ಹಸಿರಾಗುವಷ್ಟರಲ್ಲಿ ಅವರು ಹೆಲ್ಮೆಟ್ ತೆಗೆದಾಗಿತ್ತು.

“ಏನ್ರಿ ಇದು, ಆಕಳಾ ತಂದು ಕಟ್ಟೀರೇನು ಇಲ್ಲಿ?” ಅವರ ದನಿಯಲ್ಲಿ ನಗುವಿತ್ತು. “ಗಂಜಲದ ವಾಸನಿ ಬರಾಕತ್ತೈತಿ.”

ನಮ್ಮ ಕೋಣೆಯಲ್ಲಿ ಎಲ್ಲರೂ ನಕ್ಕರು. ಬೈದು ಸುಸ್ತಾಗಿದ್ದ ಇಕ್ಬಾಲ್ ಕೂಡ ಉಸಿರು ಬಿಟ್ಟರು. ಯಾರೋ ಒಬ್ಬ ಹುಮ್ಮಸ್ಸಿನಲ್ಲಿ, “ಶುಭಶಕುನ ಸರ್, ಗೋಮೂತ್ರ ಸಿಂಪಡಿಸಿದ ಹಾಗಾಯ್ತು!” ಎಂದ. ಮೂತ್ರದ ಚೀಲ ಸೋರಿರಬೇಕು ಎಂದು ಇನ್ನೊಬ್ಬ. ಅಂಥ ವಾಸನೆ ಬಂದರೆ ನಮ್ಮವರಿಗೆ ಹೆದರಿಕೆ ಆಗುವುದಿಲ್ಲ, ಊರು ನೆನಪಾಗುತ್ತದೆ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಷ್ಟರಲ್ಲಿ ಒಳಗಿದ್ದ ಮಾಲಿನಿ, ಬಾಗಿಲು ತೆರೆಯುವ ಮುನ್ನ ಎರಡೂ ಕಡೆಯ ಗಾಳಿಯನ್ನು ಸಮ ಮಾಡುವ ಪುಟ್ಟ ಕವಾಟ ತಿರುಗಿಸಿದ್ದಳು. ತಿರುಗಿಸಿದವಳೇ ಥಟ್ಟನೆ ಮುಚ್ಚಿದಳು.

“ಸರ್, ಇದು ಗಂಜಲ ಅಲ್ಲ. ಇದು ಮೀನು. ಮಳೆಗಾಲದಲ್ಲಿ ಸರಿ ಒಣಗದೇ ಕೊಳೆತ ಮೀನಿನ ವಾಸನೆ. ನಮ್ಮನೇಲಿ ಹುಟ್ಟಿದಾಗಿಂದ ನೋಡಿದೇನೆ. ಇಲ್ಲಿ ಮೀನು ಎಲ್ಲಿಂದ ಬಂತು?”

ಉಪಗ್ರಹಗಳಿಗೆ ಹೈಡ್ರಜೀನ್ ಜಾತಿಯ ವಿಷದ ಇಂಧನ ತುಂಬುವ ಕಡೆ ನಾನು ವರ್ಷಗಟ್ಟಲೆ ದವಾಖಾನೆ ನಡೆಸಿದವಳು. ಅಲ್ಲಿ ಹೊಸಬರಿಗೆ ಹೇಳುವ ಮೊದಲ ಮಾತೇ ಅದು: ಮೀನು ನಾರಿದರೆ ಓಡು. ಹೊರಗಿನ ಚಳಿಯಲ್ಲಿ ಉಪ್ಪಾಗಿದ್ದದ್ದು ಈಗ ಒಳಗಿನ ಬೆಚ್ಚಗೆ ಕರಗಿ ಹೊಗೆಯಾಗುತ್ತಿತ್ತು, ಗುರುಸಿದ್ಧರ ಎದೆಯ ಮೇಲಿಂದಲೇ.

“ಹೆಲ್ಮೆಟ್ ಹಾಕೋಕೆ ಹೇಳಿ!” ಎಂದು ಕಿರುಚಿದೆ. ಇಕ್ಬಾಲ್ ಹೇಳಿದರು. ಈ ಸಲ ದೀಪ ಹಸಿರಾಗಿಯೇ ಇತ್ತು. ಹೆಲ್ಮೆಟ್ ಎಂಬ ಮಾತಿನಲ್ಲಿ ಗುಟ್ಟೇನೂ ಇರಲಿಲ್ಲವಲ್ಲ. ಹೆಲ್ಮೆಟ್ ಹಾಕಿಕೊಂಡರೆ ಉಡುಪಿಗೆ ನೌಕೆಯಿಂದಲೇ ಆಕ್ಸಿಜನ್ ಕೊಟ್ಟು, ಆ ಕೋಣೆಯ ಗಾಳಿಯನ್ನು ಹೊರಗೆ ಬಿಟ್ಟು, ಮತ್ತೆ ಅವರನ್ನು ಬಿಸಿಲಿಗೆ ನಿಲ್ಲಿಸಬಹುದಿತ್ತು. ಅವರು ಪ್ರಯತ್ನಿಸಿದರು. ಆದರೆ ಕಣ್ಣುಗಳು ಆಗಲೇ ಉರಿದು ಮುಚ್ಚಿಹೋಗಿದ್ದವು, ವಾಂತಿ ಶುರುವಾಗಿತ್ತು. ಹೆಲ್ಮೆಟ್ ಕೂರುವ ಕತ್ತಿನ ಬಳೆಯ ಕೊಂಡಿ ಅವರ ಬೆರಳಿಗೆ ಸಿಗಲಿಲ್ಲ.

ನಾನು ಮತ್ತೆ ಪರದೆ ಕೋಣೆಗೆ ಹೋದೆ. ಈ ಸಲ ಬಾಗಿಲು ತಟ್ಟಲಿಲ್ಲ, ಒದ್ದೆ.

“ಯಾವ ಇಂಧನ? ಎಷ್ಟು? ಹೆಸರು ಹೇಳ್ರಿ ಅಷ್ಟೆ. ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ನಡೆಯಲ್ಲ. ಆ ಮನುಷ್ಯ ಸಾಯ್ತಾ ಇದ್ದಾನೆ.”

ಸುಬ್ಬನರಸಿಂಹರ ಹಣೆಯ ಮೇಲೆ ಬೆವರಿತ್ತು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ, ಹೇಳಿದರೆ ಸುಲಭವಾಗುತ್ತಿತ್ತು. “ಮೇಲಿನವರನ್ನ ಕೇಳ್ತಾ ಇದೀನಿ ಮೇಡಂ. ಫೋನಲ್ಲೇ ಇದೀನಿ. ಅನುಮತಿ ಬಂದ ತಕ್ಷಣ ಹೇಳ್ತೀನಿ,” ಎಂದರು. ಕೈಯಲ್ಲಿ ನಿಜವಾಗಿಯೂ ಫೋನಿತ್ತು. ಅದರೊಳಗೆ ಕಾಯಿರಿ ಎನ್ನುವ ಸಂಗೀತ ಬರುತ್ತಿತ್ತು.

ಔಷಧಿಯ ಪೆಟ್ಟಿಗೆ ಇದ್ದದ್ದು ಮಾಲಿನಿಯ ಕಡೆ. ಕೊಡಬೇಕೆಂದರೆ ಒಳಬಾಗಿಲು ತೆರೆಯಬೇಕು. ತೆರೆದರೆ ಹೊಗೆ ಇಡೀ ನೌಕೆಗೆ. ಅವಳ ಬಳಿ ಇದ್ದ ಮುಖವಾಡ ಅರ್ಧ ಗಂಟೆಯದು; ನೌಕೆ ಸಮುದ್ರಕ್ಕೆ ಇಳಿಯಲು ಆರು ಗಂಟೆ ಬೇಕು, ಅದನ್ನು ಇಳಿಸುವ ಕೈ ಅವಳದೊಂದೇ. ಅವಳು ಬಿದ್ದರೆ ಇಬ್ಬರೂ ಹೋದರು.

“ಡಾಕ್ಟ್ರೇ, ನಾನು ತೆಗೀತೇನೆ,” ಎಂದಳು ಮಾಲಿನಿ. “ಮುಖವಾಡ ಹಾಕ್ಕೊಂಡಿದೇನೆ. ಇಂಜೆಕ್ಷನ್ ಯಾವ್ದು ಹೇಳಿ.”

ಉತ್ತರ ಕೊಟ್ಟವರು ಗುರುಸಿದ್ಧ. ದನಿ ತೊದಲುತ್ತಿತ್ತು, ಆದರೂ ಅಧಿಕಾರಿಯದೇ.

“ಮಾಲಿನೀ, ಬಾಗಲಾ ತಗೀಬ್ಯಾಡ. ಇದು ಆರ್ಡರ್ ಅಂತ ತಿಳಿ. ನೀ ಕೆಳಗ ಹೋಗು. ಜಗದೇವಿಗಿ…” ಎಂದವರು ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಅವರಿಂದ ಮಾತು ಬರಲಿಲ್ಲ.

ಬಂದದ್ದು ಸದ್ದು. ಒಳಬಾಗಿಲಿಗೆ ಬಡಿಯುವ ಸದ್ದು. ಈ ವಿಷಕ್ಕೆ ಸೆಳವು ಬರುತ್ತದೆ, ಕೈಕಾಲು ಎತ್ತೆತ್ತಿ ಬಡಿಯುತ್ತವೆ, ರೋಗಿಗೆ ಅದರ ಅರಿವೇ ಇರುವುದಿಲ್ಲ. ಆಮೇಲೆ ನಡೆದ ವಿಚಾರಣೆಯಲ್ಲಿ ನಾನು ಹಾಗೆಯೇ ಹೇಳಿದೆ. ಆದರೆ ಸೆಳವು ಬಡಿಯತೊಡಗಿದರೆ ಬಡಿಯುತ್ತಲೇ ಇರುತ್ತದೆ. ಇದು ಬಡಿದು, ಸ್ವಲ್ಪ ಕಾದು, ಮತ್ತೆ ಬಡಿಯುತ್ತಿತ್ತು. ಆರ್ಡರ್ ಕೊಟ್ಟದ್ದು ಗ್ರೂಪ್ ಕ್ಯಾಪ್ಟನ್ ಹಂಚಿನಾಳ. ಬಾಗಿಲು ಬಡಿದದ್ದು ಉಸಿರು ಬೇಕಾದ ಒಂದು ಜೀವ. ಕಂಟ್ರೋಲ್ ರೂಮಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಾಲಿನಿ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಇಳಿಯುವ ಸಿದ್ಧತೆಯ ಒಂದೊಂದೇ ಗುಂಡಿ ಒತ್ತುತ್ತ, ಒತ್ತಿದ್ದನ್ನು ಗಟ್ಟಿಯಾಗಿ ನಮಗೆ ಹೇಳುತ್ತ ಹೋದಳು. ಅವಳ ಮಾತಿನ ನಡುನಡುವೆ ಆ ಸದ್ದು ಕೇಳುತ್ತಿತ್ತು. ಒಂದು ಹಂತದ ಮೇಲೆ ಅವಳ ಮಾತು ಮಾತ್ರ ಕೇಳಿತು.

ಸುಬ್ಬನರಸಿಂಹ ಪರದೆ ಸರಿಸಿ ಹೊರಬಂದರು. ಆ ಕೋಣೆಯಿಂದ ಅವರು ನಮ್ಮ ಕಡೆಗೆ ನಡೆದು ಬಂದದ್ದು ಅದೇ ಮೊದಲು.

“ಅನುಮತಿ ಬಂತು ಮೇಡಂ,” ಎಂದರು. “ಈಗ ಹೇಳಬಹುದು. ಇಂಧನ ಇದೆ.”

ನಾನು ಅವರ ಕೆನ್ನೆಗೆ ಹೊಡೆದೆ. ಅರವತ್ತರ ಹತ್ತಿರದ ಹೆಂಗಸು, ಇಡೀ ಕೋಣೆಯ ಎದುರು. ಅವರು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

ಸಂಜೆ ನನ್ನ ಫೋನು ಹೊಡೆದುಕೊಂಡಿತು. ನೌಕೆ ಇಳಿಯುವ ತನಕ ಮನೆಯವರಿಗೆ ಏನೂ ತಿಳಿಸಬಾರದು ಎಂದು ಅಷ್ಟರಲ್ಲಿ ಆಜ್ಞೆಯಾಗಿತ್ತು. ಆಚೆ ಜಗದೇವಿ.

“ಡಾಕ್ಟ್ರ, ಟಿವ್ಯಾಗ ಇವ್ರು ಕೈ ಬೀಸಾಕತ್ತಾರ ನೋಡ್ರಿ! ಕೆಲಸ ಮುಗೀತಂತಲ್ಲ? ಮಾತಾಡಾಕ ಯಾವಾಗ ಕೊಡ್ತೀರಿ?”

ಟಿವಿಯವರು ಹಾರುವ ದಿನದ ಚಿತ್ರವನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು. ನನ್ನ ಪಕ್ಕದಲ್ಲೊಬ್ಬ ಅಧಿಕಾರಿ ಕಿವಿ ನಿಮಿರಿಸಿ ನಿಂತಿದ್ದ. “ನಾನೇ ಮನೆಗೆ ಬರ್ತೀನಿ ಜಗದೇವಿ,” ಎಂದೆ.

ಆವತ್ತು ಅವಳಿಗೆ ಗಂಟಲುನೋವೂ ಇರಲಿಲ್ಲ, ಜ್ವರವೂ ಇರಲಿಲ್ಲ. ಕರೆಯದೆ ಬರುವ ಡಾಕ್ಟರು ಯಾಕೆ ಬರುತ್ತಾಳೆಂದು ಫೌಜಿನವನ ಹೆಂಡತಿಗೆ ಬಿಡಿಸಿ ಹೇಳಬೇಕಿಲ್ಲ. ಫೋನು ಮೆಲ್ಲಗೆ ಇಟ್ಟ ಸದ್ದು ಕೇಳಿಸಿತು.

ನೌಕೆ ಅರಬ್ಬೀ ಸಮುದ್ರಕ್ಕೆ ಇಳಿಯಿತು. ಮಾಲಿನಿ ತನ್ನ ಕಾಲ ಮೇಲೆ ನಡೆದು ಹಡಗು ಹತ್ತಿದಳು. ಗುರುಸಿದ್ಧರು ಹೃದಯಾಘಾತದಿಂದ ತೀರಿಕೊಂಡರೆಂದು ಸರ್ಕಾರ ಪ್ರಕಟಿಸಿತು. ತುಪಾಕಿ ಹಾರಿಸಿದರು, ಬಾವುಟ ಮಡಿಚಿ ಜಗದೇವಿಯ ಕೈಗಿತ್ತರು. ಅವಳು ಅದನ್ನು ಮಗುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಮತ್ತು ಆ ಗುಟ್ಟು? ಹದಿನೈದು ದಿನವೂ ಬಾಳಲಿಲ್ಲ. ಎಲ್ಲೋ ಉತ್ತರದ ಚಳಿ ದೇಶದಲ್ಲಿ ನಿವೃತ್ತ ಮೇಷ್ಟ್ರೊಬ್ಬ, ತಾರಸಿಯ ಮೇಲೆ ದೂರದರ್ಶಕ ಇಟ್ಟುಕೊಂಡು ಉಪಗ್ರಹ ಎಣಿಸುವ ಹವ್ಯಾಸದವನು, ನಮ್ಮ ಡಬ್ಬ ಜಾಗ ಬದಲಿಸಿದ್ದನ್ನು ಕಂಡು ಲೋಕಕ್ಕೆಲ್ಲ ಸಾರಿದ. ‘ಭಾರತದ ಬೆಳೆ ಸಮೀಕ್ಷಕನಿಗೆ ಕಾಲಿದೆ’ ಎಂದು ನಗೆಯಾಡಿದ್ದ. ಇಂಧನ ಉರಿಸದೆ ಅದು ಅಲುಗಲು ಸಾಧ್ಯವಿರಲಿಲ್ಲ; ಉರಿಸಿದರೆ ಕಾಣದಿರಲೂ ಸಾಧ್ಯವಿರಲಿಲ್ಲ. ಇಷ್ಟು ಸರಳ ಲೆಕ್ಕ ಪರದೆ ಕೋಣೆಯವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಒಬ್ಬ ಮನುಷ್ಯನನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಲಿಲ್ಲ. ಶತ್ರುಗಳಿಗೆ ಗೊತ್ತಾಯಿತು, ಮಿತ್ರರಿಗೆ ಗೊತ್ತಾಯಿತು, ತಾರಸಿಯ ಮೇಷ್ಟ್ರಿಗೆ ಗೊತ್ತಾಯಿತು. ಗೊತ್ತಿಲ್ಲದೆ ಉಳಿದವಳು ಜಾಲಹಳ್ಳಿಯ ಆಟದ ಟೀಚರು ಒಬ್ಬಳೇ.

ನನಗೆ ಮೈಯೆಲ್ಲ ಉರಿಯಿತು. ಜೈಲಿಗೆ ಹಾಕುವುದಿದ್ದರೆ ಹಾಕಲಿ ಎಂದುಕೊಂಡು ಮಾಲಿನಿಗೆ ಫೋನು ಮಾಡಿದೆ. ಅವಳು ತಾನೂ ಬರುತ್ತೇನೆಂದಳು. ಭಾನುವಾರ ಬೆಳಿಗ್ಗೆ ಇಬ್ಬರೂ ಆ ಮನೆಯ ಅದೇ ಸೋಫಾದ ಮೇಲೆ ಕೂತೆವು. ಒಂದೂ ಬಿಡದೆ ಹೇಳಬೇಕೆಂದೇ ಹೋಗಿದ್ದೆ. ಕೊಳವೆ, ಬಿಳಿ ಉಪ್ಪು, ಕೆಂಪು ದೀಪ, ಗಂಜಲ ಎಂದು ನಾವು ನಕ್ಕದ್ದು, ಅನುಮತಿ ತಡವಾಗಿ ಬಂದದ್ದು, ‘ಬಾಗಲಾ ತಗೀಬ್ಯಾಡ’ ಎಂದದ್ದು, ಎಲ್ಲ ಹೇಳಿದೆ. ಜಗದೇವಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿಸಿಕೊಂಡಳು. ಅಳಲಿಲ್ಲ. ಎಲ್ಲ ಮುಗಿದ ಮೇಲೆ ಮಾಲಿನಿಯ ಕಡೆ ತಿರುಗಿದಳು.

“ಹಂಗಂದ ಮ್ಯಾಲೆ… ಬಾಗಲಾ ಬಡದ್ರೇನವ್ವ ಅವ್ರು?”

ಮಾಲಿನಿ ನನ್ನ ಕಡೆ ನೋಡಿದಳು. ಎಲ್ಲ ಹೇಳಿದ್ದೇನೆ ಎಂದುಕೊಂಡಿದ್ದ ನಾನು ಇದೊಂದನ್ನು ಹೇಳಿರಲಿಲ್ಲ.

“ಇಲ್ಲಮ್ಮ,” ಎಂದೆ. “ಬಡೀಲಿಲ್ಲ. ಸುಮ್ಮನೆ ನಿದ್ದೆ ಹೋದ ಹಾಗೆ ಹೋದರು.”

ಜಗದೇವಿ ನನ್ನನ್ನು ನೋಡಲೇ ಇಲ್ಲ. ಎದ್ದು ಬಂದು ಮಾಲಿನಿಯ ಪಕ್ಕ ಕೂತಳು. ಅವಳ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಬಡದಿದ್ರೂ ತಗೀಬಾರದಿತ್ತು, ತಂಗಿ. ತಗದಿದ್ರ ಅವ್ರು ನಿನಗ ಬೈತಿದ್ರು,” ಎಂದಳು.

ಹಡಗಿನ ಮೇಲೆ ಅಳದ, ವಿಚಾರಣೆಯಲ್ಲಿ ಅಳದ ಹುಡುಗಿ ಆ ಮಡಿಲಲ್ಲಿ ಮುಖ ಹುದುಗಿಸಿದಳು.

“ತುಂಬಾ ಹೊತ್ತು ಬಡೀತಿದ್ರು, ಅಕ್ಕಾ,” ಎಂದಳು.